ತಲೆಗೆ ಹಾಕುವ ಪರದೆ, ಕಣ್ಣು ಮತ್ತು ಗಮನ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಣ್ಣು ಪರೀಕ್ಷೆ ಮಾಡುವವಳು. ಮೈಸೂರಿನ ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ದಿನವಿಡೀ ಜನರ ಪವರ್ ನೋಡುತ್ತೇನೆ. ಈಚೆಗೆ, ಕಣ್ಣು ಮುಚ್ಚುವಂತೆ ತಲೆಗೆ ಹಾಕಿಕೊಂಡು ಒಳಗಿನ ಪರದೆಯಲ್ಲಿ ಇನ್ನೊಂದು ಲೋಕ ನೋಡುವ ವಿಆರ್ ಹೆಡ್‌ಸೆಟ್, ಕಣ್ಣೆದುರೇ ಚಿತ್ರ, ಮೆಸೇಜ್ ಮೂಡಿಸುವ ಸ್ಮಾರ್ಟ್ ಗ್ಲಾಸ್ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಕೆಲವರ ಮನೆಗೆ ಅಮೆರಿಕದಿಂದ ಬಂದ ಮಾಮ ತಂದುಕೊಟ್ಟಿರುತ್ತಾರೆ. ಕೆಲವರಿಗೆ ಆಫೀಸಿನ ಟ್ರೈನಿಂಗ್‌ನಲ್ಲಿ ಹಾಕಿಸಿರುತ್ತಾರೆ. ಎಲ್ಲರೂ ಮೊದಲು ಕೇಳುವುದು ಒಂದೇ: "ಕಣ್ಣು ಹಾಳಾಗುತ್ತಾ?" ಅದಕ್ಕೆ ನನ್ನ ಉತ್ತರ ಬಹುಪಾಲು ಸಮಾಧಾನದ್ದೇ. ಆದರೆ ಹಾಕಿಕೊಂಡಾಗ ನಮ್ಮ ಗಮನ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ನನಗೆ ಹೆಚ್ಚು ಚಿಂತೆ ಅದರದ್ದೇ. ಅದಕ್ಕೂ ಕೆಳಗೆ ಉತ್ತರ ಬರೆದಿದ್ದೇನೆ.

ಪರದೆ ಕಣ್ಣಿಗೆ ಅಷ್ಟು ಹತ್ತಿರ ಇದ್ದರೆ ಕಣ್ಣು ಕೆಡುವುದಿಲ್ಲವೇ?

ಪರದೆ ಹತ್ತಿರ ಇರುವುದು ನಿಜ, ಕೆಲವೇ ಸೆಂಟಿಮೀಟರ್. ಆದರೆ ಪರದೆಗೂ ಕಣ್ಣಿಗೂ ನಡುವೆ ದಪ್ಪ ಲೆನ್ಸ್ ಇದೆ. ಆ ಲೆನ್ಸ್ ಚಿತ್ರವನ್ನು ದೂರಕ್ಕೆ ತಳ್ಳುತ್ತದೆ. ಹೆಚ್ಚಿನ ಹೆಡ್‌ಸೆಟ್‌ಗಳಲ್ಲಿ ಕಣ್ಣು ಫೋಕಸ್ ಮಾಡಬೇಕಾದ ದೂರ ಸುಮಾರು 1.3ರಿಂದ 2 ಮೀಟರ್. ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್‌ನಲ್ಲಿ ಅದು 2 ಮೀಟರ್. ಫೋಕಸ್ ಲೆಕ್ಕದಲ್ಲಿ ನೋಡಿದರೆ, ಮುಖಕ್ಕೆ ಹಿಡಿದ ಮೊಬೈಲಿಗಿಂತ ಇದು ಕಣ್ಣಿಗೆ ಹಗುರ.

ಹಾಗಾದರೆ ಕಣ್ಣು ನೋಯುವುದೇಕೆ? ಹಣೆ ಸಿಡಿಯುವುದೇಕೆ?

ನಿಮ್ಮ ತೋರುಬೆರಳನ್ನು ಕೈ ಚಾಚಿ ಹಿಡಿಯಿರಿ. ಅದನ್ನೇ ನೋಡುತ್ತಾ ನಿಧಾನವಾಗಿ ಮೂಗಿನ ಹತ್ತಿರ ತನ್ನಿ. ಕಣ್ಣು ಈಗ ಎರಡು ಕೆಲಸ ಮಾಡಿತು. ಎರಡೂ ಕಣ್ಣುಗುಡ್ಡೆ ಮೂಗಿನ ಕಡೆ ತಿರುಗಿದವು. ಒಳಗಿನ ಲೆನ್ಸ್ ಉಬ್ಬಿ ಫೋಕಸ್ ಸರಿಮಾಡಿತು. ಚಿಕ್ಕಂದಿನಿಂದ ಈ ಎರಡು ಕೆಲಸ ನೊಗಕ್ಕೆ ಕಟ್ಟಿದ ಜೋಡಿ ಎತ್ತಿನ ಹಾಗೆ ಒಟ್ಟಿಗೇ ನಡೆಯುತ್ತವೆ. ಒಂದು ಹೆಜ್ಜೆ ಇಟ್ಟರೆ ಇನ್ನೊಂದೂ ಇಡುತ್ತದೆ.

ಹೆಡ್‌ಸೆಟ್ ಈ ಜೋಡಿಯನ್ನು ಬಿಡಿಸುತ್ತದೆ. ಆಟದಲ್ಲಿ ಒಂದು ಚಿಟ್ಟೆ ಮೂಗಿನ ಮುಂದೆಯೇ ಹಾರಿಬಂತು ಅಂದುಕೊಳ್ಳಿ. ಅದನ್ನು ನೋಡಲು ಕಣ್ಣುಗುಡ್ಡೆ ಒಳಗೆ ತಿರುಗುತ್ತದೆ. ಆದರೆ ಫೋಕಸ್ ಮಾತ್ರ ಒಂದೂವರೆ ಎರಡು ಮೀಟರ್ ಆಚೆಯೇ ನಿಲ್ಲಬೇಕು, ಯಾಕೆಂದರೆ ಬೆಳಕು ನಿಜಕ್ಕೂ ಬರುತ್ತಿರುವುದು ಅಷ್ಟು ದೂರದಿಂದ ಬಂದ ಹಾಗೆ. ಮಿದುಳು ಎರಡನ್ನೂ ಬೇರೆಬೇರೆಯಾಗಿ ಎಳೆದು ಹಿಡಿದುಕೊಳ್ಳಬೇಕಾಗುತ್ತದೆ. ಕಣ್ಣಿನ ಭಾರ, ಹಣೆನೋವು, ಅಕ್ಷರ ಎರಡೆರಡಾಗಿ ಕಾಣುವುದು, ಹೆಚ್ಚಾಗಿ ಇದರಿಂದಲೇ.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಬ್ಯಾಂಕ್ಸ್ ಮತ್ತು ಜೊತೆಗಾರರು ಫೋಕಸ್ ದೂರವನ್ನೂ ಬದಲಿಸಬಲ್ಲ ಒಂದು ಪರದೆ ಕಟ್ಟಿ ಇದನ್ನು ನೋಡಿದರು. ಅವರ ವರದಿ ಬಂದದ್ದು 2008ರಲ್ಲಿ. ಎರಡೂ ದೂರ ಹೊಂದಿಕೊಂಡಾಗ ಜನರಿಗೆ ಮೂರು ಆಯಾಮದ ಚಿತ್ರ ಬೇಗ ಕೂಡಿಬಂತು, ಆಯಾಸವೂ ಕಡಿಮೆ ಇತ್ತು. ಹೊಂದದಾಗ ಚಿತ್ರ ಕೂಡಿಬರುವುದು ತಡವಾಯಿತು, ಆಯಾಸವೂ ಹೆಚ್ಚಿತು.

ಇದರಿಂದ ಬಳಸುವವರಿಗೆ ಒಂದು ಉಪಯೋಗ ಇದೆ. ದೂರದ ದೃಶ್ಯಗಳಲ್ಲಿ, ಅಂದರೆ ಬೆಟ್ಟ, ಆಕಾಶ, ಸಿನಿಮಾ ಪರದೆಯಂಥವುಗಳಲ್ಲಿ ಈ ಎಳೆದಾಟ ಕಡಿಮೆ. ಕೈಯಳತೆಗಿಂತ ಹತ್ತಿರ ವಸ್ತು ಇಟ್ಟುಕೊಂಡು ಮಾಡುವ ಕೆಲಸಗಳಲ್ಲಿ ಜಾಸ್ತಿ. ನಿಮಗೆ ಯಾವ ಆಟ ಹೆಚ್ಚು ಸುಸ್ತು ಮಾಡುತ್ತದೆ ಅಂತ ಈ ಕಣ್ಣಲ್ಲಿ ಒಮ್ಮೆ ನೋಡಿ.

ಶಾಶ್ವತವಾಗಿ ಏನಾದರೂ ಹಾಳಾಗುತ್ತದೆಯೇ?

ಆರೋಗ್ಯವಾಗಿರುವ ದೊಡ್ಡವರ ಕಣ್ಣಿಗೆ ಹಾಗೆ ಆಗುತ್ತದೆ ಎಂದು ತೋರಿಸುವ ಪುರಾವೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಈ ಭಯ ಹುಟ್ಟಿದ್ದಕ್ಕೆ ಕಾರಣ ಇದೆ. 1993ರಲ್ಲಿ ಎಡಿನ್‌ಬರೊದ ಸಂಶೋಧಕರು ಯುವಕ ಯುವತಿಯರಿಗೆ ಆ ಕಾಲದ ಹೆಡ್‌ಸೆಟ್ ಬರೀ 10 ನಿಮಿಷ ಹಾಕಿಸಿದರು. ತೆಗೆದ ಮೇಲೆ ಹಲವರಿಗೆ ತಲೆನೋವು, ಕಣ್ಣುಬಳಲಿಕೆ. ಎರಡು ಕಣ್ಣು ಕೂಡಿ ನೋಡುವ ಶಕ್ತಿಯಲ್ಲೂ ಅಳತೆಗೆ ಸಿಗುವಷ್ಟು ಏರುಪೇರು ಕಂಡಿತು. ಮರುವರ್ಷ ಅವರೇ ಎರಡೂ ಕಣ್ಣಿಗೆ ಒಂದೇ ಚಿತ್ರ ತೋರಿಸುವ ಹೊಸ ಹೆಡ್‌ಸೆಟ್ ಹಾಕಿಸಿ ನೋಡಿದರೆ ಆ ತೊಂದರೆ ಇರಲಿಲ್ಲ. 1998ರಲ್ಲಿ ಬಾಸ್ಟನ್‌ನ ದೃಷ್ಟಿ ಸಂಶೋಧಕ ಎಲಿ ಪೆಲಿ ಅವರು ಹೆಡ್‌ಸೆಟ್ ಮತ್ತು ಮೇಜಿನ ಮೇಲಿನ ಕಂಪ್ಯೂಟರ್ ಎರಡನ್ನೂ ಅರ್ಧರ್ಧ ಗಂಟೆ ನೋಡಿಸಿ ಹೋಲಿಸಿದರು. ಕಣ್ಣಿನ ಕೆಲಸದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಮೂರು ಆಯಾಮದ ಚಿತ್ರ ಇದ್ದಾಗ ಮಾತ್ರ ಜನರಿಗೆ ಹಿತ ಕಡಿಮೆ ಅನ್ನಿಸಿತು.

ನನಗೆ ಮೈನಸ್ ಪವರ್ ಇದೆ. ಪರದೆ ಹತ್ತಿರವೇ ಇರುವುದರಿಂದ ಕನ್ನಡಕ ಬೇಡ ಅಲ್ವಾ?

ಬೇಕು. ಇದರಲ್ಲಿ ಎಲ್ಲರೂ ಎಡವುತ್ತಾರೆ. ಮೇಲೆ ಹೇಳಿದ ಹಾಗೆ ಚಿತ್ರ ಇರುವುದು ಒಂದೂವರೆ ಎರಡು ಮೀಟರ್ ದೂರದಲ್ಲಿ. ಮೈನಸ್ 4 ಇರುವವರಿಗೆ 25 ಸೆಂಟಿಮೀಟರ್ ದಾಟಿದರೆ ಮಸುಕು. ಅವರಿಗೆ ಹೆಡ್‌ಸೆಟ್ ಒಳಗೂ ಮಸುಕೇ. ಮೈನಸ್ ಅರ್ಧ ಇರುವವರು ಕನ್ನಡಕ ಇಲ್ಲದೆ ನಡೆಸಬಹುದು. ಚಾಳೀಸು ಬಂದವರಿಗೆ ಇಲ್ಲಿ ಅನುಕೂಲ ಇದೆ. ಓದುವ ಕನ್ನಡಕ ಸಾಮಾನ್ಯವಾಗಿ ಬೇಕಾಗುವುದಿಲ್ಲ, ದೂರದ ಪವರ್ ಇದ್ದರೆ ಅದನ್ನಷ್ಟೇ ಹಾಕಿದರೆ ಸಾಕು.

ಕನ್ನಡಕದ ಗಾಜು ಹೆಡ್‌ಸೆಟ್ ಲೆನ್ಸ್‌ಗೆ ಉಜ್ಜಿದರೆ ಎರಡಕ್ಕೂ ಗೀರು ಬೀಳುತ್ತದೆ. ನಡುವೆ ಹಾಕುವ ಪಟ್ಟಿ ಸಿಗುತ್ತದೆ. ನಿಮ್ಮ ಪವರ್‌ನಲ್ಲೇ ಮಾಡಿದ, ಒಳಗೆ ಕೂರುವ ಲೆನ್ಸ್‌ಗಳೂ ಸಿಗುತ್ತವೆ. ಇನ್ನೊಂದು ಮಾತು. ಹೆಡ್‌ಸೆಟ್ಟನ್ನು ಕಿಟಕಿ ಪಕ್ಕ ಬಿಸಿಲಲ್ಲಿ ಇಡಬೇಡಿ. ಮಕ್ಕಳು ಭೂತಗನ್ನಡಿಯಲ್ಲಿ ಕಾಗದ ಸುಡುತ್ತಾರಲ್ಲ, ಅದೇ ರೀತಿ ಆ ಲೆನ್ಸ್ ಬಿಸಿಲು ಹಿಡಿದು ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ.

ಲೆನ್ಸ್‌ಗಳ ಅಂತರ ಸರಿಮಾಡುವ ಚಕ್ರ ಇದೆ. ಅದನ್ನು ಮುಟ್ಟಲೇಬೇಕೇ?

ದಯವಿಟ್ಟು ಮುಟ್ಟಿ. ಒಂದು ಪಾಪೆಯಿಂದ ಇನ್ನೊಂದು ಪಾಪೆಗೆ ಇರುವ ಅಂತರ ದೊಡ್ಡವರಲ್ಲಿ ಸರಾಸರಿ 63 ಮಿಲಿಮೀಟರ್. ಆದರೆ 50ರ ಆಸುಪಾಸಿನವರೂ ಇದ್ದಾರೆ, 75ರವರೂ ಇದ್ದಾರೆ. ಮೆಟಾ ಕಂಪನಿಯ ಕ್ವೆಸ್ಟ್ 2 ಹೆಡ್‌ಸೆಟ್‌ನಲ್ಲಿ ಇದ್ದದ್ದು ಮೂರೇ ಅಳತೆ: 58, 63, 68. ಹೊಂದದಿದ್ದರೆ ನೀವು ಲೆನ್ಸ್‌ನ ನಡುವಿನಿಂದ ನೋಡುತ್ತಿಲ್ಲ, ಅಂಚಿನಿಂದ ನೋಡುತ್ತಿದ್ದೀರಿ. ಚಿತ್ರ ಮಸುಕಾಗುತ್ತದೆ, ಎರಡನ್ನೂ ಕೂಡಿಸಲು ಕಣ್ಣು ಒದ್ದಾಡುತ್ತದೆ.

"ಹೆಂಗಸರಿಗೆ ವಿಆರ್ ಆಗಿಬರುವುದಿಲ್ಲ" ಎಂಬ ಮಾತು ಬಹಳ ದಿನ ಓಡಾಡಿತು. 2020ರಲ್ಲಿ ಅಮೆರಿಕದ ಸಂಶೋಧಕಿ ಕೇ ಸ್ಟ್ಯಾನಿ ಮತ್ತು ಸಂಗಡಿಗರು ನೋಡಿದಾಗ ಸಿಕ್ಕ ಮುಖ್ಯ ಕಾರಣ ಈ ಅಂತರವೇ. ಹೆಡ್‌ಸೆಟ್ ಹಲವು ಹೆಂಗಸರ ಮುಖಕ್ಕೆ ಹೊಂದುತ್ತಲೇ ಇರಲಿಲ್ಲ. ದೋಷ ಯಂತ್ರದ ಅಳತೆಯಲ್ಲಿತ್ತು.

ನನ್ನ ಅಕ್ಕನ ಮಗನಿಗೆ ಒಂಬತ್ತು ವರ್ಷ ಇದ್ದಾಗ ಒಂದು ಮಾಲ್‌ನಲ್ಲಿ ರೋಲರ್ ಕೋಸ್ಟರ್ ತೋರಿಸುವ ಕುರ್ಚಿಯಲ್ಲಿ ಕೂರಿಸಿದೆವು. ಅವನಿಗಿಂತ ಮುಂಚೆ ಕೂತಿದ್ದ ದೊಡ್ಡವರ ಅಳತೆಯಲ್ಲೇ ಹೆಡ್‌ಸೆಟ್ ಹಾಕಿದರು. ನಾಲ್ಕು ನಿಮಿಷಕ್ಕೆ ಮಗು ಬೆವತು ಬಿಳಿಚಿಕೊಂಡ. ಇಳಿದ ತಕ್ಷಣ ವಾಂತಿ. ಮನೆಗೆ ಬಂದು ಅಳೆದರೆ ಅವನ ಪಾಪೆಗಳ ಅಂತರ 54. ಇದೇ ಕೆಲಸ ಮಾಡುವ ನಾನು ಪಕ್ಕದಲ್ಲೇ ನಿಂತಿದ್ದೆ, ಕೇಳಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಹಾಗಾಗಿಯೇ ಈಗ ಯಾರು ಕೇಳಿದರೂ ಅಳೆದು ಚೀಟಿಯಲ್ಲಿ ಬರೆದುಕೊಡುತ್ತೇನೆ. ನಿಮ್ಮ ಊರಿನ ಕನ್ನಡಕದ ಅಂಗಡಿಯಲ್ಲೂ ಒಂದು ನಿಮಿಷದ ಕೆಲಸ.

ತಲೆ ಸುತ್ತಿ ವಾಕರಿಕೆ ಬರುವುದು ಕಣ್ಣಿನ ತೊಂದರೆಯೇ?

ಪೂರ್ತಿ ಅಲ್ಲ. ಆಗುಂಬೆ ಘಾಟಿಯಲ್ಲಿ ಬಸ್ಸಿನೊಳಗೆ ಮೊಬೈಲ್ ನೋಡುತ್ತಾ ಕೂತರೆ ಕಿವಿಯೊಳಗಿನ ಸಮತೋಲನದ ಅಂಗ "ತಿರುಗುತ್ತಿದ್ದೇವೆ" ಅನ್ನುತ್ತದೆ, ಕಣ್ಣು "ಇಲ್ಲ, ಸುಮ್ನೆ ಕೂತಿದ್ದೇವೆ" ಅನ್ನುತ್ತದೆ. ವಿಆರ್‌ನಲ್ಲಿ ಇದು ತಿರುಗುಮುರುಗು. ಕಣ್ಣು "ಹಾರುತ್ತಿದ್ದೇವೆ" ಅನ್ನುತ್ತದೆ, ಕಿವಿ "ಕುರ್ಚಿಯಲ್ಲೇ ಇದ್ದೇವೆ" ಅನ್ನುತ್ತದೆ. ಇದರ ಜೊತೆ ತಲೆ ತಿರುಗಿಸಿದ್ದಕ್ಕೂ ಚಿತ್ರ ತಿರುಗಿದ್ದಕ್ಕೂ ನಡುವೆ ತಡ ಆದರೆ ಇನ್ನೂ ಕಷ್ಟ. ಆ ತಡ 20 ಮಿಲಿಸೆಕೆಂಡ್ ಒಳಗಿರಬೇಕು ಎಂದು ತಯಾರಕರು ಗುರಿ ಇಟ್ಟುಕೊಳ್ಳುತ್ತಾರೆ.

ವಾಕರಿಕೆ ಶುರುವಾದಾಗ "ಅಭ್ಯಾಸ ಆಗುತ್ತೆ" ಅಂತ ಹಲ್ಲು ಕಚ್ಚಿ ಕೂರಬೇಡಿ. ಕೂಡಲೇ ತೆಗೆಯಿರಿ. ನಿಂತಲ್ಲೇ ನೋಡುವ, ನೀವು ನಡೆದರೆ ಮಾತ್ರ ಮುಂದೆ ಹೋಗುವ ಆಟಗಳಿಂದ ಶುರುಮಾಡಿ.

ತೆಗೆದ ಮೇಲೆ ಸುತ್ತಲಿನದ್ದು ವಿಚಿತ್ರವಾಗಿ ಕಾಣುತ್ತದೆ. ಎಷ್ಟು ಹೊತ್ತು ಹೀಗೆ?

ಹೆಚ್ಚಿನವರಿಗೆ ಕೆಲವು ನಿಮಿಷ. ಕಣ್ಣು ಮತ್ತು ಕೈ ಹೊಸ ಲೆಕ್ಕಕ್ಕೆ ಹೊಂದಿಕೊಂಡಿರುತ್ತವೆ, ಹಳೇ ಲೆಕ್ಕಕ್ಕೆ ಮರಳಲು ಸಮಯ ಬೇಕು. ಇದು ಹೊಸ ಸಂಗತಿಯೂ ಅಲ್ಲ. 1890ರ ದಶಕದಲ್ಲೇ ಜಾರ್ಜ್ ಸ್ಟ್ರಾಟನ್ ಎಂಬ ಮನಶ್ಶಾಸ್ತ್ರಜ್ಞ ಲೋಕವನ್ನು ತಲೆಕೆಳಗು ಮಾಡುವ ಲೆನ್ಸ್ ಹಾಕಿಕೊಂಡು ದಿನಗಟ್ಟಲೆ ಬದುಕಿದ. ದಿನ ಕಳೆದಂತೆ ಹೊಂದಿಕೊಂಡ. ಬಿಚ್ಚಿದ ಮೇಲೆ ಮಾಮೂಲಿ ಲೋಕವೇ ಸ್ವಲ್ಪ ಹೊತ್ತು ಗಲಿಬಿಲಿ ಮಾಡಿತು.

ಈಗಿನ ಕ್ವೆಸ್ಟ್ 3, 2024ರಲ್ಲಿ ಮಾರಾಟಕ್ಕೆ ಬಂದ ಆ್ಯಪಲ್ ವಿಷನ್ ಪ್ರೊ, ಇವುಗಳಲ್ಲಿ ಹೊರಗಿನ ಲೋಕವನ್ನೂ ಕ್ಯಾಮೆರಾ ಮೂಲಕವೇ ನೋಡುತ್ತೀರಿ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್‌ಸನ್ ಮತ್ತು ಸಹೋದ್ಯೋಗಿಗಳು ಇಂಥ ಹೆಡ್‌ಸೆಟ್ ಹಾಕಿಕೊಂಡೇ ಓಡಾಡಿದರು, ಅಡುಗೆ ಮಾಡಿದರು, ಜನರ ಜೊತೆ ಮಾತಾಡಿದರು. ದೂರದ ಅಂದಾಜು ತಪ್ಪಿತು. ಎದುರಿಗೆ ನಿಂತ ಮನುಷ್ಯರೇ ಅಲ್ಲಿ ಇಲ್ಲದ ಹಾಗೆ ಅನ್ನಿಸಿತು. ಆ ಎರಡನೆಯ ಮಾತು ಓದಿದಾಗ ನನಗೆ ಬಹಳ ಬೇಸರವಾಯಿತು. ಮನೆಯಲ್ಲಿ ಮಗು ಎದುರು ಬಂದು ನಿಂತರೆ ಅದೂ ಟಿವಿಯೊಳಗಿನ ಮಗುವಿನ ಹಾಗೆ ಕಂಡರೆ ಹೇಗೆ?

ಅರ್ಧ ಗಂಟೆಯಾದರೂ ಕಳೆದ ಮೇಲೆ, ಪೂರ್ತಿ ಸರಿಯಾಯಿತು ಅನ್ನಿಸಿದರೆ ಮಾತ್ರ ಗಾಡಿ ತೆಗೆಯಿರಿ. ಬಿಸಿ ಎಣ್ಣೆ, ಈಳಿಗೆಮಣೆಯ ಕೆಲಸಕ್ಕೂ ಇದೇ ಮಾತು.

ಹೆಡ್‌ಸೆಟ್ ಹಾಕಿದಾಗ ಸುತ್ತಲಿನದ್ದು ಎಷ್ಟು ಕಾಣುತ್ತದೆ?

ಬರಿಗಣ್ಣಿಗೆ ಅಡ್ಡಡ್ಡವಾಗಿ ಸುಮಾರು 200 ಡಿಗ್ರಿ ಕಾಣುತ್ತದೆ. ಹೆಚ್ಚಿನ ಹೆಡ್‌ಸೆಟ್‌ಗಳಲ್ಲಿ ಅದರ ಅರ್ಧ, ಕ್ವೆಸ್ಟ್ 3ರಲ್ಲಿ 110. ಓರೆಗಣ್ಣಿನ ನೋಟ ಹೋಯಿತು ಅಂದರೆ ಪಕ್ಕದಿಂದ ಬರುವ ನಾಯಿ, ಕಾಲಡಿಯ ಸ್ಟೂಲು ಕಾಣುವುದಿಲ್ಲ. ಕಣ್ಣು ಹೊರಳಿಸುವ ಬದಲು ಕತ್ತು ಹೊರಳಿಸಲು ಕಲಿಯುತ್ತೇವೆ, ಅದೂ ಅರ್ಧ ಕಿಲೋ ತೂಕ ಹೊತ್ತುಕೊಂಡು. ಕತ್ತುನೋವು ಬಂದರೆ ಆಶ್ಚರ್ಯ ಇಲ್ಲ.

ಗಾಜಿನ ಮೂಲಕ ಆಚೆಯದ್ದೂ ಕಾಣುವ ಸ್ಮಾರ್ಟ್ ಗ್ಲಾಸ್ ಇದ್ದರೆ ಈ ಸಮಸ್ಯೆ ಇಲ್ಲ ಅಲ್ವಾ? ರಸ್ತೆ ಕಾಣುತ್ತಲೇ ಇರುತ್ತದಲ್ಲ?

ಇದೇ ನಾನು ಜಾಸ್ತಿ ಹೇಳಬೇಕಾದ ಜಾಗ. ಕಾಣುವುದು ಬೇರೆ, ಗಮನಕ್ಕೆ ಬರುವುದು ಬೇರೆ.

1975ರಲ್ಲಿ ಉಲ್ರಿಕ್ ನೈಸರ್ ಮತ್ತು ರಾಬರ್ಟ್ ಬೆಕ್ಲೆನ್ ಎಂಬ ಇಬ್ಬರು ಒಂದು ಸರಳ ಪ್ರಯೋಗ ಮಾಡಿದರು. ಒಂದೇ ಜಾಗದಲ್ಲಿ ಎರಡು ವಿಡಿಯೋ, ಒಂದರ ಮೇಲೊಂದು ಪಾರದರ್ಶಕವಾಗಿ. ಒಂದರಲ್ಲಿ ಚೆಂಡಾಟ. ಇನ್ನೊಂದರಲ್ಲಿ ಇಬ್ಬರು ಕೈಗೆ ಕೈ ಹೊಡೆಯುವ ಆಟ. ಒಂದನ್ನು ಗಮನಿಸಿ ಅಂದರೆ ಜನ ಸುಲಭವಾಗಿ ಗಮನಿಸಿದರು. ಆದರೆ ಇನ್ನೊಂದರಲ್ಲಿ ಆಟ ನಿಲ್ಲಿಸಿ ಕೈಕುಲುಕಿದಂಥ ವಿಚಿತ್ರಗಳು ನಡೆದರೂ ಹೆಚ್ಚಿನವರಿಗೆ ಗೊತ್ತಾಗಲೇ ಇಲ್ಲ. ಎರಡೂ ಕಣ್ಣೆದುರೇ ಇದ್ದವು. ಒಂದೇ ದಿಕ್ಕು, ಒಂದೇ ದೂರ. ಸ್ಮಾರ್ಟ್ ಗ್ಲಾಸ್ ಮಾಡುವುದು ಇದನ್ನೇ, ಲೋಕದ ಮೇಲೆ ಇನ್ನೊಂದು ಚಿತ್ರ ಹಾಸುತ್ತದೆ.

1980ರಲ್ಲಿ ನಾಸಾದ ಸಂಶೋಧಕರು ಅನುಭವಸ್ಥ ಪೈಲಟ್‌ಗಳನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿದರು. ವೇಗ, ಎತ್ತರದ ಅಂಕಿಗಳು ಎದುರಿನ ಗಾಜಿನ ಮೇಲೇ ಮೂಡುತ್ತಿದ್ದವು. ತಲೆ ತಗ್ಗಿಸುವ ಅಗತ್ಯವೇ ಇಲ್ಲ. ಇಳಿಯುವ ಹೊತ್ತಿಗೆ ರನ್‌ವೇ ಮೇಲೆ ಇನ್ನೊಂದು ವಿಮಾನ ಅಡ್ಡ ಬಂದಿತ್ತು. ಎಂಟು ಮಂದಿಯಲ್ಲಿ ಇಬ್ಬರು ಅದನ್ನು ನೋಡದೆ ಇಳಿಸಲು ಹೋದರು. ಇವರು ಹೊಸಬರಲ್ಲ. ಆ ಅಂಕಿಗಳೇ ಅವರ ಗಮನವನ್ನು ಹಿಡಿದಿಟ್ಟವು.

2014ರಲ್ಲಿ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದವರು ಅಮೆರಿಕದ ವಾಯುಪಡೆಯ ಪ್ರಯೋಗಾಲಯದ ಜೊತೆ ಸೇರಿ, ಬಲಗಣ್ಣಿನ ಮೇಲ್ಗಡೆ ಪುಟ್ಟ ಪರದೆ ಇದ್ದ ಗೂಗಲ್ ಗ್ಲಾಸ್ ಎಂಬ ಸ್ಮಾರ್ಟ್ ಗ್ಲಾಸಿನ ಪರೀಕ್ಷೆ ಮಾಡಿದರು. ಕಾರಿನ ಸಿಮ್ಯುಲೇಟರ್‌ನಲ್ಲಿ ಯುವಕರು ಮೆಸೇಜಿಗೆ ಉತ್ತರ ಕೊಡುವಾಗ ಮುಂದಿನ ಗಾಡಿ ದಿಢೀರ್ ಬ್ರೇಕ್ ಹಾಕುತ್ತದೆ. ಗ್ಲಾಸ್ ಹಾಕಿದವರು ಫೋನ್ ಹಿಡಿದವರಿಗಿಂತ ಬೇಗ ಬ್ರೇಕ್ ಒತ್ತಲಿಲ್ಲ. ಆಮೇಲೆ ಸುಧಾರಿಸಿಕೊಂಡದ್ದು ಮಾತ್ರ ಸ್ವಲ್ಪ ಬೇಗ. ಕಣ್ಣು ರಸ್ತೆ ಮೇಲಿದ್ದರೂ ಮನಸ್ಸು ಮೆಸೇಜಿನಲ್ಲಿತ್ತು.

ಅದೇ ವರ್ಷ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇನ್ನೊಂದು ಸಣ್ಣ ವರದಿ ಬಂತು. ಮೂವರ ಮೇಲಷ್ಟೇ ಮಾಡಿದ ಪರೀಕ್ಷೆ. ಪರದೆ ಆರಿದ್ದರೂ ಗೂಗಲ್ ಗ್ಲಾಸ್‌ನ ಚೌಕಟ್ಟೇ ಬಲಗಡೆ ಮೇಲಿನ ಭಾಗದ ನೋಟವನ್ನು ಮರೆಮಾಡಿತ್ತು.

ಸ್ಕೂಟರಿನಲ್ಲಿ ಹೋಗುವಾಗ ದಾರಿ ತೋರಿಸುವುದಕ್ಕೆ ಹಾಕಿಕೊಳ್ಳಬಹುದೇ?

ಬೇಡ. ಹೆಲ್ಮೆಟ್ಟಿನೊಳಗೆ ಕಿವಿಗೆ ದಾರಿ ಹೇಳುವ ದನಿ ಮೆಲ್ಲಗೆ ಕೇಳಿಸಿಕೊಳ್ಳಿ, ಇಲ್ಲವೇ ಪಕ್ಕಕ್ಕೆ ನಿಲ್ಲಿಸಿ ನೋಡಿ. ಗುಂಡಿ, ಹಸು, ಎದುರಿನಿಂದ ಬರುವ ಆಟೋ, ಇವೆಲ್ಲ ಇರುವ ರಸ್ತೆಗೆ ನಿಮ್ಮ ಗಮನ ಇಡಿಯಾಗಿ ಬೇಕು.

ಒಂದೇ ಕಣ್ಣಿನ ಮುಂದೆ ಪರದೆ ಇದ್ದರೆ?

ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ಬಂದರೆ ಮಿದುಳು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದಿಲ್ಲ. ಒಮ್ಮೆ ಇದು, ಒಮ್ಮೆ ಅದು, ಹೀಗೆ ಬದಲಾಗುತ್ತದೆ. ಬದಲಾವಣೆ ಪೂರ್ತಿ ನಮ್ಮ ಕೈಯಲ್ಲಿ ಇರುವುದಿಲ್ಲ. ಅಪಾಚೆ ಹೆಲಿಕಾಪ್ಟರ್ ಪೈಲಟ್‌ಗಳಿಗೆ ಬಲಗಣ್ಣಿನ ಮುಂದೆ ಮಾತ್ರ ಪರದೆ ಇರುತ್ತದೆ. ನಮ್ಮ ವಾಯುಪಡೆಗೂ 2019ರಲ್ಲಿ ಅಪಾಚೆ ಬಂತು. ಒಂದು ಕಣ್ಣಲ್ಲಿ ಕತ್ತಲ ನೆಲ, ಇನ್ನೊಂದರಲ್ಲಿ ಹೊಳೆಯುವ ಚಿತ್ರ. ಇದಕ್ಕೆ ಒಗ್ಗಿಕೊಳ್ಳಲು ಅವರಿಗೆ ದೀರ್ಘ ತರಬೇತಿ ಇದೆ. ನಮಗೆ ಇಲ್ಲ.

ಮಕ್ಕಳಿಗೆ ಯಾವ ವಯಸ್ಸಿಂದ ಕೊಡಬಹುದು?

ಆ್ಯಪಲ್ 13 ಅನ್ನುತ್ತದೆ. ಸೋನಿ 12. ಮೆಟಾ 13 ಅನ್ನುತ್ತಿತ್ತು, 2023ರಲ್ಲಿ ಅಪ್ಪ ಅಮ್ಮನ ನಿಗಾದಲ್ಲಿ 10 ಅಂತ ಇಳಿಸಿತು. 1995ರಲ್ಲೇ ನಿಂಟೆಂಡೊ ತನ್ನ ವರ್ಚುವಲ್ ಬಾಯ್ ಎಂಬ, ಕಣ್ಣಿಟ್ಟು ನೋಡುವ ಆಟದ ಯಂತ್ರದ ಮೇಲೆ ಏಳು ವರ್ಷದೊಳಗಿನವರಿಗೆ ಬೇಡ ಎಂದು ಎಚ್ಚರಿಕೆ ಹಾಕಿತ್ತು. ಏಳೆಂಟು ವರ್ಷದ ತನಕ ಎರಡು ಕಣ್ಣು ಕೂಡಿ ನೋಡುವುದನ್ನು ಮಿದುಳು ಇನ್ನೂ ಗಟ್ಟಿಮಾಡಿಕೊಳ್ಳುತ್ತಿರುತ್ತದೆ ಎಂಬ ಎಚ್ಚರ ಅದರ ಹಿಂದಿದೆ.

ಹೆದರಿಸುವುದಕ್ಕೆ ಹೇಳುತ್ತಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 4ರಿಂದ 10 ವರ್ಷದ 50 ಮಕ್ಕಳಿಗೆ ಅರ್ಧರ್ಧ ಗಂಟೆಯ ಎರಡು ಸರದಿ ಹಾರುವ ಆಟ ಆಡಿಸಿ ಪರೀಕ್ಷಿಸಿದರು. 2020ರಲ್ಲಿ ಬಂದ ಆ ವರದಿಯಲ್ಲಿ ಕಣ್ಣಿಗಾಗಲಿ ಸಮತೋಲನಕ್ಕಾಗಲಿ ಗಮನಿಸುವಂಥ ಹಾನಿ ಸಿಗಲಿಲ್ಲ. ಆದರೆ ಅದು ಒಂದು ಗಂಟೆಯ ಮಾತು, ವರ್ಷಗಟ್ಟಲೆಯದ್ದಲ್ಲ. ಹತ್ತರೊಳಗಿನ ಮಕ್ಕಳಿಗೆ ನಾನಂತೂ ಬೇಡ ಅನ್ನುತ್ತೇನೆ. ಮುಖಕ್ಕೆ ಹೊಂದುವುದಿಲ್ಲ ಎಂಬ ಒಂದೇ ಕಾರಣ ಸಾಕು.

ಇದರಿಂದ ಮೈನಸ್ ಪವರ್ ಏರುತ್ತದೆಯೇ?

ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 2017ರಲ್ಲಿ 40 ನಿಮಿಷ ಹಾಕಿಸಿ ನೋಡಿದಾಗ, ಪವರ್ ಏರುವಾಗ ತೆಳುವಾಗುವ ಕಣ್ಣಿನ ಹಿಂಬದಿಯ ಪದರ ಇಲ್ಲಿ ಸ್ವಲ್ಪ ದಪ್ಪವಾಗಿತ್ತು. ಅಂದರೆ ಭಯಪಟ್ಟದ್ದಕ್ಕೆ ವಿರುದ್ಧ. ಅಷ್ಟರಿಂದಲೇ "ವಿಆರ್ ಕಣ್ಣಿಗೆ ಒಳ್ಳೆಯದು" ಅನ್ನಲು ಬರುವುದಿಲ್ಲ.

ಮಕ್ಕಳ ಪವರ್ ವಿಷಯದಲ್ಲಿ ಗಟ್ಟಿಯಾಗಿ ಗೊತ್ತಿರುವುದು ಬಯಲಿನ ಬೆಳಕು. ಚೀನಾದ ಗುವಾಂಗ್‌ಜೌನಲ್ಲಿ ಶಾಲಾ ಮಕ್ಕಳಿಗೆ ದಿನಾ 40 ನಿಮಿಷ ಹೆಚ್ಚು ಹೊರಗೆ ಆಡಿಸಿದರು. ಮೂರು ವರ್ಷದಲ್ಲಿ ಹೊಸದಾಗಿ ಮೈನಸ್ ಬಂದವರು ಆಡಿಸದ ಶಾಲೆಗಳಲ್ಲಿ 39.5 ಶೇಕಡಾ, ಆಡಿಸಿದ ಶಾಲೆಗಳಲ್ಲಿ 30.4. ಹೆಡ್‌ಸೆಟ್ ಮಗುವಿನ ಸಂಜೆಯ ಆಟವನ್ನು ಕಿತ್ತುಕೊಂಡರೆ ಅದೇ ದೊಡ್ಡ ನಷ್ಟ.

ಮೆಳ್ಳೆಗಣ್ಣು ಅಥವಾ ಸೋಮಾರಿ ಕಣ್ಣು (ಮಿದುಳು ಒಂದು ಕಣ್ಣನ್ನು ಸರಿಯಾಗಿ ಬಳಸದೆ ಅದರ ನೋಟ ಮಂಕಾಗಿರುವುದು) ಇದ್ದರೆ?

ಕಣ್ಣಿನ ಡಾಕ್ಟರಿಗೆ ತೋರಿಸದೆ ಹಾಕಬೇಡಿ. ಒಂದು ವಿಷಯ ಗಮನಿಸಿ: ಮೂರು ಆಯಾಮವೇ ಕಾಣುವುದಿಲ್ಲ, ಎಲ್ಲ ಚಪ್ಪಟೆ ಅನ್ನುವವರು, ಎರಡೆರಡು ಕಾಣುತ್ತದೆ ಅನ್ನುವವರು ಆಗಾಗ ನನ್ನ ಹತ್ತಿರ ಬರುತ್ತಾರೆ. ಪರೀಕ್ಷೆ ಮಾಡಿದರೆ ಕೆಲವರಲ್ಲಿ ಹಳೆಯ ದೋಷ ಇರುತ್ತದೆ. ಹೆಡ್‌ಸೆಟ್ ಅದನ್ನು ಉಂಟುಮಾಡಿದ್ದಲ್ಲ, ತೋರಿಸಿಕೊಟ್ಟದ್ದು.

ಇದೇ ಯಂತ್ರ ಔಷಧಿಯೂ ಆಗುತ್ತಿದೆ. ಲೂಮಿನೋಪಿಯಾ ಎಂಬ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಸೋಮಾರಿ ಕಣ್ಣಿನ ಮಕ್ಕಳು ಹೆಡ್‌ಸೆಟ್‌ನಲ್ಲಿ ದಿನಕ್ಕೆ ಒಂದು ಗಂಟೆ ಟಿವಿ ಕಾರ್ಯಕ್ರಮ ನೋಡುತ್ತಾರೆ. ಬಲವಾದ ಕಣ್ಣಿಗೆ ಚಿತ್ರ ಮಂಕು ಮಾಡಿ, ಎರಡೂ ಕಣ್ಣು ಸೇರಿದರೆ ಮಾತ್ರ ಪೂರ್ತಿ ಕಾಣುವ ಹಾಗೆ ಮಾಡಿರುತ್ತಾರೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಶಾಲೆಯಲ್ಲಿ ಅಳುವ ಮಕ್ಕಳನ್ನು ನೋಡಿದ ನನಗೆ ಇದು ದೊಡ್ಡ ಖುಷಿ. ಇದನ್ನು ಡಾಕ್ಟರ ಸಲಹೆಯಲ್ಲೇ ಮಾಡಬೇಕು.

ಫಿಟ್ಸ್ ಬರುವವರು?

ಮಿಂಚುವ ಬೆಳಕಿಗೆ ಫಿಟ್ಸ್ ಬರುವವರು ಇದ್ದಾರೆ. ನಿಮಗಾಗಲಿ ಮನೆಯವರಿಗಾಗಲಿ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಒಮ್ಮೆಗೆ ಎಷ್ಟು ಹೊತ್ತು ಹಾಕಬಹುದು?

ಹೊಸಬರು 10 ನಿಮಿಷದಿಂದ ಶುರುಮಾಡಿ. ರೂಢಿಯಾದವರು ಅರ್ಧ ಗಂಟೆಗೊಮ್ಮೆ ತೆಗೆದು, ಕಿಟಕಿಯಾಚೆ ದೂರದ ತೆಂಗಿನ ಮರವನ್ನೋ ಟ್ಯಾಂಕನ್ನೋ ನೋಡಿ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಬೇಕೆಂದೇ ಬಡಿಯಿರಿ. ಕಣ್ಣು ಕೆಂಪಾಗಿದ್ದಾಗ ಹಾಕಬೇಡಿ, ಮದ್ರಾಸ್ ಐ ಇದ್ದವರ ಹೆಡ್‌ಸೆಟ್ ಮುಟ್ಟಲೂಬೇಡಿ.

ಅಜ್ಜಿಗೆ ಕಾಶಿ ತೋರಿಸಬೇಕು ಅಂತ ಆಸೆ. ಹಾಕಿಸಬಹುದೇ?

ಖಂಡಿತ ಹಾಕಿಸಿ. ಕೈ ಇರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ನಿಲ್ಲಿಸಬೇಡಿ. ನಡೆಯುವ, ತೇಲುವ ದೃಶ್ಯ ಬೇಡ. ಕ್ಯಾಮೆರಾ ಒಂದೇ ಕಡೆ ನಿಂತಿರುವ ವಿಡಿಯೋ ಹುಡುಕಿ. ಕಣ್ಣಿನ ಆಪರೇಷನ್ ಹೊಸದಾಗಿ ಆಗಿದ್ದರೆ ಮಾಡಿದ ಡಾಕ್ಟರ್ ಒಪ್ಪುವ ತನಕ ಕಾಯಿರಿ. ಒಳಗೆ ಕತ್ತಲಾಗಿ ಅಜ್ಜಿ ಗಾಬರಿಯಾಗಬಹುದು, ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿರಿ. ಐದು ನಿಮಿಷ ಸಾಕು. ತೆಗೆದ ಮೇಲೂ ಸ್ವಲ್ಪ ಹೊತ್ತು ಏಳಿಸಬೇಡಿ, ಗಂಗೆ ಹೇಗೆ ಕಂಡಳು ಅಂತ ಕೇಳುತ್ತಾ ಕೂರಿಸಿಕೊಂಡಿರಿ.